ಇನ್ಸುಲಿನ್ ಬಾಕ್ಸ್‌ಗೆ '48 ಗಂಟೆ ಗ್ಯಾರಂಟಿ' ಅಂತಾರೆ, ನಂಬಬಹುದಾ ಟೆಸ್ಟ್ ಮಾಡಿಸ್ಬೇಕಾ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು. ಬೆಂಗಳೂರಿಂದ ಕಲಬುರಗಿ, ರಾಯಚೂರು ಕಡೆ ಮೆಡಿಕಲ್ ಶಾಪ್‌ಗಳಿಗೆ ಇನ್ಸುಲಿನ್ ಕಳಿಸ್ತೀರಿ, ಥರ್ಮಾಕೋಲ್ ಬಾಕ್ಸಲ್ಲಿ ಐಸ್ ಪ್ಯಾಕ್ ಇಟ್ಟು ರಾತ್ರಿ ಬಸ್ಸಿಗೆ ಹಾಕ್ತೀರಿ, ಬಾಕ್ಸ್ ಮಾರೋರು 48 ಗಂಟೆ ಗ್ಯಾರಂಟಿ ಅಂದಿದಾರೆ, ಲ್ಯಾಬ್ ಟೆಸ್ಟ್ ಬೇಕಾ ಅಂತ. ನಾನು ಫಾರ್ಮಾದಲ್ಲಿ ಪ್ಯಾಕೇಜಿಂಗ್ ವ್ಯಾಲಿಡೇಷನ್, ಅಂದ್ರೆ ಪ್ಯಾಕಿಂಗ್ ಹೇಳಿದ ಹಾಗೆ ಕೆಲ್ಸ ಮಾಡತ್ತಾ ಅಂತ ಪರೀಕ್ಷೆ ಮಾಡೋ ಕೆಲ್ಸ ಮಾಡೋನು, ಹಾಗಾಗಿ ಸ್ವಲ್ಪ ಉದ್ದಾನೇ ಬರೀತೀನಿ.

ಅವ್ರು ಸುಳ್ಳು ಹೇಳ್ತಿದಾರೆ ಅಂತಲ್ಲ, ಆದ್ರೆ ಹೊರಗೆ ಎಷ್ಟು ಡಿಗ್ರಿ ಇದ್ದಾಗ 48 ಗಂಟೆ, ಒಳಗೆ ಎಷ್ಟು ಕೆಜಿ ಐಸ್ ಇಟ್ಟಾಗ, ಎಷ್ಟು ಮಾಲು ತುಂಬಿದಾಗ ಅಂತ ಕೇಳಿ ನೋಡಿ, ಅಲ್ಲೇ ಮಾತು ನಿಂತು ಹೋಗತ್ತೆ. ಲೆಕ್ಕ ನೀವೇ ಹಾಕ್ಬಹುದು. ಹೊರಗಿಂದ 40 ಸೆಂ.ಮೀ. ಚೌಕದ ಬಾಕ್ಸ್, ಗೋಡೆ 5 ಸೆಂ.ಮೀ. ದಪ್ಪ ಅಂತ ಇಟ್ಕೊಳ್ಳಿ. ಥರ್ಮಾಕೋಲಿನ ಕಂಡಕ್ಟಿವಿಟಿ (ಬಿಸಿ ಎಷ್ಟು ಸುಲಭವಾಗಿ ಹಾದು ಹೋಗತ್ತೆ ಅನ್ನೋ ಅಳತೆ) ಸುಮಾರು 0.035, ಹೊರಗೆ 40 ಡಿಗ್ರಿ ಒಳಗೆ 5 ಇದ್ರೆ ಹೆಚ್ಚುಕಮ್ಮಿ 18 ವ್ಯಾಟ್ ಬಿಸಿ ಸತತವಾಗಿ ಒಳಗೆ ಬರ್ತಾ ಇರತ್ತೆ. ಒಂದು ಕೆಜಿ ಐಸ್ ಕರಗೋಕೆ 334 ಕಿಲೋಜೂಲ್ ಬೇಕು, ಅಂದ್ರೆ ದಿನಕ್ಕೆ 5 ಕೆಜಿ ಹತ್ರ ಐಸ್ ಬರೀ ಗೋಡೆಯಿಂದ ಬರೋ ಬಿಸಿಗೇ ಖರ್ಚು, 48 ಗಂಟೆಗೆ 10 ಕೆಜಿ ಹತ್ರ. ಒಳಗಿನ ಜಾಗ ಇರೋದೇ 27 ಲೀಟರ್, ಅದ್ರಲ್ಲಿ 10 ಕೆಜಿ ಐಸ್ ತುಂಬಿದ್ಮೇಲೆ ಇನ್ಸುಲಿನ್ ಎಷ್ಟು ಹಿಡಿಯತ್ತೆ ಹೇಳಿ. ರಾತ್ರಿ ತಂಪಾಗತ್ತಲ್ಲ, ಅಷ್ಟು ಬೇಕಾಗಲ್ಲ ನಿಜ, ಆದ್ರೂ ಎರಡೇ ಎರಡು ಐಸ್ ಪ್ಯಾಕ್ ಹಾಕಿ 48 ಗಂಟೆ ಅಂದ್ರೆ ನಾನಂತೂ ಒಪ್ಪಲ್ಲ.

ಈಗ ಮುಖ್ಯ ವಿಷ್ಯ. ಎಲ್ರೂ ಬಿಸಿಗೆ ಹೆದರ್ತಾರೆ, ಇನ್ಸುಲಿನ್‌ಗೆ ಅದಕ್ಕಿಂತ ದೊಡ್ಡ ಶತ್ರು ಹೆಪ್ಪುಗಟ್ಟೋದು. ಬಳಸೋಕೆ ಶುರು ಮಾಡಿದ ಇನ್ಸುಲಿನ್ ಹೆಚ್ಚಿನವು ಫ್ರಿಜ್ಜಿಂದ ಆಚೆನೂ ಸುಮಾರು 4 ವಾರ ಇರ್ತವೆ, ಲೇಬಲ್ ಮೇಲೆನೇ ಬರ್ದಿರತ್ತೆ, ಅಂದ್ರೆ ಸಾಗಿಸೋವಾಗ 2ರಿಂದ 8 ಡಿಗ್ರಿಲಿ ಇರ್ಬೇಕಾದ್ದು ಒಂದೆರಡು ಗಂಟೆ 12 ಡಿಗ್ರಿ ಆಯ್ತು ಅಂದ್ರೆ ಕಂಪ್ನಿಗೆ ಕೇಳಿ ತೀರ್ಮಾನ ತಗೋಬಹುದು. ಆದ್ರೆ ಒಂದ್ಸಲ ಹೆಪ್ಪುಗಟ್ಟಿತೋ ಎಸೀಬೇಕು ಅಷ್ಟೇ, ಕರಗಿದ್ಮೇಲೆ ನೋಡೋಕೆ ಎಷ್ಟೋ ಸಲ ಮೊದ್ಲಿನ ಥರಾನೇ ಇರತ್ತೆ, ಅದೇ ಅಪಾಯ. ಅಲ್ಯೂಮಿನಿಯಂ ಇರೋ ವ್ಯಾಕ್ಸಿನ್‌ಗಳದ್ದೂ ಇದೇ ಕಥೆ, ಹೆಪಟೈಟಿಸ್ ಬಿ, ಟೆಟನಸ್ ಎಲ್ಲ. ಫ್ರೀಜರ್‌ನಲ್ಲಿ ಮೈನಸ್ 20ರಲ್ಲಿದ್ದ ಐಸ್ ಪ್ಯಾಕ್ ತೆಗೆದು ಸೀದಾ ಔಷಧದ ಪಕ್ಕ ಇಟ್ರೆ ಮೊದಲ ಕೆಲವು ಗಂಟೆಲೇ ಪಕ್ಕದ ವಯಲ್ (ಔಷಧದ ಸಣ್ಣ ಬಾಟ್ಲಿ) ಸೊನ್ನೆಗಿಂತ ಕೆಳಗೆ ಹೋಗ್ಬಹುದು, ಅದೂ ಡಿಸೆಂಬರ್ ರಾತ್ರಿ ಬೆಂಗಳೂರಲ್ಲಿ ಪ್ಯಾಕ್ ಮಾಡಿದ್ರೆ ಇನ್ನೂ ಬೇಗ. ಬೇಸಿಗೆ ಟೆಸ್ಟಲ್ಲಿ ಪಾಸಾದ ಬಾಕ್ಸ್ ಚಳಿಗಾಲದಲ್ಲಿ ಮಾಲು ಹಾಳು ಮಾಡೋದು ಹೀಗೇ, ಐಸ್ ಜಾಸ್ತಿ ಹಾಕಿದಷ್ಟೂ ಸೇಫ್ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ.

ಅದಕ್ಕೇ ಕಂಡೀಷನಿಂಗ್ ಅನ್ನೋದು. ಐಸ್ ಪ್ಯಾಕ್ ಹೊರಗಿಟ್ಟು ಕಾಯ್ಬೇಕು, ಕಿವಿ ಹತ್ರ ಹಿಡ್ದು ಅಲ್ಲಾಡಿಸಿದ್ರೆ ಒಳಗೆ ಸ್ವಲ್ಪ ನೀರು ಕಲಕಿ ಐಸ್ ಆ ಕಡೆ ಈ ಕಡೆ ಜಾರೋ ಸದ್ದು ಬರ್ಬೇಕು, ಅಲ್ಲಿಗೆ ಅದು ಸೊನ್ನೆ ಡಿಗ್ರಿಗೆ ಬಂತು ಅಂತ. ಲಸಿಕೆ ಹಾಕೋ ಆರೋಗ್ಯ ಕಾರ್ಯಕರ್ತೆಯರಿಗೆ ಟ್ರೈನಿಂಗಲ್ಲಿ ಇದನ್ನೇ ಹೇಳ್ಕೊಡೋದು. ಗಟ್ಟಿ ಜೆಲ್ ಇರೋ ಪ್ಯಾಕಲ್ಲಿ ಆ ಸದ್ದು ಬರಲ್ಲ, ಅದಕ್ಕೆ ನನಗೆ ನೀರಿನ ಪ್ಯಾಕೇ ಇಷ್ಟ. ದುಡ್ಡಿದ್ರೆ ಪಿಸಿಎಂ ಪ್ಯಾಕ್, ಅಂದ್ರೆ ನೀರಿನ ಬದ್ಲು 5 ಡಿಗ್ರಿ ಆಸುಪಾಸು ಕರಗೋ ವಸ್ತು ತುಂಬಿದ ಪ್ಯಾಕ್ ಸಿಗತ್ತೆ, ಸರಿಯಾಗಿ ಕಂಡೀಷನ್ ಮಾಡಿದ್ರೆ ಹೆಪ್ಪುಗಟ್ಟೋ ಭಯ ತುಂಬಾ ಕಮ್ಮಿ, ಆದ್ರೆ ಕೆಜಿ ಲೆಕ್ಕದಲ್ಲಿ ಐಸಿನಷ್ಟು ತಂಪು ಹಿಡಿಯಲ್ಲ, ಜಾಸ್ತಿ ಬೇಕು.

ಟೆಸ್ಟ್ ಮಾಡೋದು ಹೇಗೆ ಅಂದ್ರೆ, ನಿಜವಾದ ಮಾಲು ಬೇಡ, ಎಕ್ಸ್‌ಪೈರಿ ಆಗಿರೋ ಇನ್ಸುಲಿನ್ ಅಥವಾ ನೀರು ತುಂಬಿದ ವಯಲ್ ಸಾಕು. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇರೋ ಯುಎಸ್‌ಬಿ ಡೇಟಾ ಲಾಗರ್ (ಟೆಂಪರೇಚರ್ ತಾನೇ ಅಳೆದು ಬರ್ದಿಡೋ ಸಣ್ಣ ಸಾಧನ) ತಗೊಳ್ಳಿ, 5 ನಿಮಿಷಕ್ಕೊಂದು ರೀಡಿಂಗ್ ಇಡಿ. ಎಲ್ರೂ ಲಾಗರ್ ಒಂದನ್ನ ಮಧ್ಯದಲ್ಲಿ ಹಾಕಿ ಕೈ ತೊಳ್ಕೋತಾರೆ, ಬಾಕ್ಸಲ್ಲಿ ಅತಿ ಸುಖವಾಗಿರೋ ಜಾಗ ಅದೇ! ಒಂದು ಐಸ್ ಪ್ಯಾಕಿಗೆ ಅಂಟಿಕೊಂಡಿರೋ ವಯಲ್ ಹತ್ರ, ಒಂದು ಮೇಲಿನ ಮೂಲೆ ಮುಚ್ಚಳದ ಕೆಳಗೆ, ಒಂದು ಮಧ್ಯ, ಇನ್ನೊಂದು ಬಾಕ್ಸಿನ ಹೊರಗೆ ಟೇಪ್ ಹಾಕಿ ಅಂಟಿಸಿ. ಹೊರಗಿನದ್ದು ಬಿಡ್ಲೇಬೇಡಿ, ಬಸ್ಸಿನ ಡಿಕ್ಕಿಲಿ ಇಂಜಿನ್ ಪಕ್ಕ ಎಷ್ಟಾಗತ್ತೆ, ಪಾರ್ಸೆಲ್ ಆಫೀಸಿನ ತಗಡಿನ ಶೀಟ್ ಕೆಳಗೆ ಮಧ್ಯಾಹ್ನದ ತನಕ ಬಿದ್ದಿದ್ರೆ ಎಷ್ಟಾಗತ್ತೆ ಅಂತ ಅದೇ ಹೇಳೋದು. ನನ್ನ ಅನುಭವದಲ್ಲಿ ಬಸ್ ಓಡ್ತಿರೋವಾಗಿಂತ ಈ ಕಾಯೋ ಹೊತ್ತಲ್ಲೇ ಗ್ರಾಫ್ ಮೇಲೆ ಏರೋದು.

ಫುಲ್ ಲೋಡ್ ಜೊತೆ ಕಮ್ಮಿ ಲೋಡಲ್ಲೂ ಮಾಡಿ. ಹತ್ತು ವಯಲ್ ಮಾತ್ರ ಇರೋ ಬಾಕ್ಸ್ ಬೇಗ ತಣ್ಣಗಾಗತ್ತೆ, ಬೇಗ ಬಿಸಿನೂ ಆಗತ್ತೆ, ಸಾಮಾನ್ಯವಾಗಿ ಫೇಲ್ ಆಗೋದು ಅದೇ. ಮೇ ತಿಂಗಳಲ್ಲೊಂದು ಸರಣಿ, ಡಿಸೆಂಬರ್-ಜನವರಿಲೊಂದು, ಪ್ರತಿಯೊಂದೂ ಮೂರು ಮೂರು ಸಲ. ಟೆಸ್ಟಿಗೆ ಮುಂಚೆ ಬಾಕ್ಸನ್ನ ಸೊಂಟದ ಎತ್ತರದಿಂದ ಮೂಲೆ ಕೆಳಗೆ ಬರೋ ಹಾಗೆ ಎತ್ತಿ ಹಾಕಿ, ಯಾಕಂದ್ರೆ ಹಮಾಲರು ಹೂವಿನ ಥರ ಇಳಿಸಲ್ಲ, ಮೂಲೆ ಬಿರುಕು ಬಿಟ್ರೆ ಅಥವಾ ಮುಚ್ಚಳ ಒಂಚೂರು ಎದ್ರೆ ಮೇಲಿನ ಲೆಕ್ಕ ಎಲ್ಲ ಕೆಟ್ಟು ಹೋಗತ್ತೆ.

ಗ್ರಾಫ್ ಓದೋವಾಗ ಒಂದು ಎಚ್ಚರಿಕೆ, ಕೆಲವ್ರು ಎಂಕೆಟಿ ಅಂದ್ರೆ ಮೀನ್ ಕೈನೆಟಿಕ್ ಟೆಂಪರೇಚರ್ ತೋರಿಸಿ 6.2 ಇದೆ ಪಾಸು ಅಂತಾರೆ. ಅದು ಬಿಸಿಯಿಂದಾಗೋ ಹಾನಿ ಲೆಕ್ಕ ಹಾಕೋ ಸೂತ್ರ, ಮೈನಸ್ ಒಂದಕ್ಕೆ ಹೋಗಿದ್ದು ಅದಕ್ಕೆ ಕಾಣೋದೇ ಇಲ್ಲ, ಇನ್ನೂ ಒಳ್ಳೆ ನಂಬರ್ ಕೊಡತ್ತೆ. ಕಮ್ಮಿಗೆ ಕಮ್ಮಿ ಎಷ್ಟಾಗಿತ್ತು ಅಂತ ಮೊದ್ಲು ನೋಡಿ.

ಆ ಕಡೆ ಅಂಗಡಿಲಿ ಏನು ಮಾಡ್ತಾರೆ ಅನ್ನೋದೂ ಕೇಳ್ಕೊಳ್ಳಿ. ಸಿಂಗಲ್ ಡೋರ್ ಫ್ರಿಜ್ಜಲ್ಲಿ ಮೇಲಿನ ತಟ್ಟೆಲಿ ಫ್ರೀಜರಿಗೆ ಒತ್ತಿ ಇಟ್ರೆ ನಿಮ್ಮ ಶ್ರಮ ಎಲ್ಲ ನೀರಲ್ಲಿ ಹೋಮ.

ಲ್ಯಾಬ್ ಬೇಕಾ ಅಂದ್ರೆ, ನಿಮ್ಮ ಸಮಾಧಾನಕ್ಕೆ ಮೇಲಿಂದು ಸಾಕು. ಕಂಪ್ನಿ ಆಡಿಟ್ಟಿಗೆ ಪೇಪರ್ ಕೇಳಿದ್ರೆ ಎನ್‌ಎಬಿಎಲ್ (ದೇಶದಲ್ಲಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಲ್ಯಾಬಿಗೆ ಹೋಗಿ, ಆದ್ರೆ ಅಲ್ಲಿ ಐಎಸ್‌ಟಿಎ 7ಇ ಪ್ರೊಫೈಲ್ (ಬಾಕ್ಸ್ ಟೆಸ್ಟಿಗೆ ಹೊರಗಿನ ಟೆಂಪರೇಚರ್ ಹೇಗೆ ಏರಿಳಿಸ್ಬೇಕು ಅನ್ನೋ ಒಂದು ಸಿದ್ಧ ಮಾದರಿ) ಮಾಡ್ತೀವಿ ಅಂದ್ರೆ ಹಾಗೇ ತಲೆ ಆಡಿಸ್ಬೇಡಿ, ಅದು ಅಮೆರಿಕದ ಪಾರ್ಸೆಲ್ ರೂಟ್‌ಗಳ ಡೇಟಾ ಇಟ್ಕೊಂಡು ಮಾಡಿದ್ದು, ಕಲಬುರಗಿ ಮೇ ತಿಂಗಳ ಬಿಸಿಲಿಗಲ್ಲ. ನೀವೇ ಬಾಕ್ಸಿನ ಹೊರಗೆ ಅಂಟಿಸಿದ್ರಲ್ಲ ಲಾಗರ್, ಅದರ ಫೈಲ್ ಕೊಟ್ಟು ಬಾಕ್ಸ್ ಇಡೋ ಟೆಸ್ಟ್ ಚೇಂಬರಲ್ಲಿ ಇದೇ ಟೆಂಪರೇಚರ್ ನಡೆಸಿ ಅಂತ ಹೇಳಿ, ರೇಟ್ ಕೇಳೋವಾಗ ಚಳಿಗಾಲದ ರನ್ನೂ ಸೇರಿಸಿ ಕೇಳಿ.