ತೂಕ ಇಳಿಸೋ ಆಪರೇಷನ್‌ಗೆ ಮುಂಚೆ ಸೈಕಾಲಜಿಸ್ಟ್ ಕೇಳೋ ಪ್ರಶ್ನೆಗೆ ಏನು ಉತ್ತರ ಕೊಟ್ರೆ ಪಾಸ್ ಆಗ್ತೀವಿ?

ಪಾಸ್ ಆಗೋದು ಭಾಳ ಸರಳ ಐತ್ರಿ, ನಾ ಪಾಸ್ ಆದಂವನ. ನೀವು ಗದಗಿನವರು, ಮುಂದಿನ ವಾರ ಹುಬ್ಬಳ್ಳಿಯಾಗ ಸೈಕಾಲಜಿಸ್ಟ್ ಹತ್ರ ಹೋಗೋದೈತಿ, ಹಿಂದ ಒಮ್ಮಿ ಡಿಪ್ರೆಶನ್ ಗುಳಿಗಿ ತಗೊಂಡಿದ್ದನ್ನ ಹೇಳ್ಬೇಕಾ ಮುಚ್ಚಿಡ್ಬೇಕಾ, ಏನ್ ಉತ್ತರ ಕೊಟ್ರ ಆಪರೇಷನ್ ನಿಲ್ಲಂಗಿಲ್ಲ ಅಂತ ಕೇಳೀರಿ. ಇದ ಪ್ರಶ್ನೆ ನಾನೂ ಕೇಳಿದ್ದೆ, ನನಗಿಂತ ಮೊದಲ ಆಪರೇಷನ್ ಮಾಡಿಸ್ಕೊಂಡಿದ್ದ ಒಬ್ಬ ವ್ಯಾಪಾರಸ್ಥ ಗೆಳೆಯನ ಕಡೆ. ಅಂವ ಹೇಳಿಕೊಟ್ಟ, ನಾ ಬಾಯಿಪಾಠ ಮಾಡಿದೆ.

ನಂದು ಬ್ಯಾಡಗಿಯಾಗ ಮೆಣಸಿನಕಾಯಿ ಅಡತಿ ಅಂಗಡಿ. ಸೀಜನ್ ಬಂತಂದ್ರ ಮುಂಜಾನೆ ಗಾದಿ ಮ್ಯಾಲ ಕುಂತಂವ ಏಳೋದ ಇಲ್ಲ, ಸೋಮವಾರ ಗುರುವಾರ ಟೆಂಡರ್ ಇದ್ದಾಗ ಅಂತೂ ಊಟ ಯಾವಾಗೋ, ನಡುವ ಚಹಾ, ಗಿರ್ಮಿಟ್, ಮಿರ್ಚಿ ಭಜಿ, ಮತ್ತ ಚಹಾ. ಸಂಜೀಕ ಹೊರಗಿಂದ ಬಂದ ಖರೀದಿದಾರರ ಜೋಡಿ ಲಾಡ್ಜಿನಾಗ ಕೂಡ್ರೋದು, ಅಲ್ಲೇ ಕುಡಿಯೋದು, ಅಲ್ಲೇ ರೇಟ್ ಮಾತಾಡೋದು. ತೂಕ 130 ಕೆಜಿ ಆಗಿತ್ತು, ಬಿಎಂಐ (ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ) 43, ಶುಗರ್ ಗುಳಿಗಿಗೆ ಬಗ್ತಿದ್ದಿಲ್ಲ. ನಮ್ಮ ದೇಶದ ಇನ್ಶೂರೆನ್ಸ್ ನಿಯಮದಾಗ ಬಿಎಂಐ 40 ಇಲ್ಲಾ ಅದಕ್ಕೂ ಹೆಚ್ಚು ಇರಬೇಕು, ಇಲ್ಲಾ 35 ಇದ್ದು ಜೋಡಿಗೆ ಹೃದಯದ ಬ್ಯಾನಿ, ಜೋರು ಸ್ಲೀಪ್ ಆಪ್ನಿಯಾ (ನಿದ್ದಿಯಾಗ ಉಸಿರು ನಿಂತು ನಿಂತು ಬರೋದು), ಹತೋಟಿಗೆ ಬರದ ಶುಗರ್ ಇಂಥಾವು ಇರಬೇಕು, ಅದಕ್ಕ ಆ ಲೆಕ್ಕದಾಗ ನನಗ ತೊಂದರಿ ಇದ್ದಿಲ್ಲ. ಸರ್ಜನ್ ಗ್ಯಾಸ್ಟ್ರಿಕ್ ಬೈಪಾಸ್ ಅಂದ್ರು, ಹೊಟ್ಟಿ ಸಣ್ಣದು ಮಾಡಿ ಕರುಳಿಗೆ ಜೋಡಿಸೋ ಆಪರೇಷನ್.

ಆಮ್ಯಾಲ ಶುರುವಾತು ನೋಡ್ರಿ ಟೆಸ್ಟು. ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಶುಗರ್ ಲೆಕ್ಕ), ಥೈರಾಯ್ಡ್, ವಿಟಮಿನ್ ಡಿ, ಬಿ12, ಕಬ್ಬಿಣ, ಇಸಿಜಿ, ಎಕೋ, ಹೊಟ್ಟಿ ಸ್ಕ್ಯಾನಿಂಗ್, ರಾತ್ರಿ ಮಲಗಿಸಿ ಮಾಡೋ ಸ್ಲೀಪ್ ಸ್ಟಡಿ, ಹುಣ್ಣು ಐತೋ, ಎಚ್ ಪೈಲೋರಿ ಅನ್ನೋ ಹೊಟ್ಟಿ ಬ್ಯಾಕ್ಟೀರಿಯಾ ಐತೋ ನೋಡಾಕ ಬಾಯಿಂದ ಹೊಟ್ಟಿಯೊಳಗ ಕ್ಯಾಮೆರಾ ಬಿಡೋ ಎಂಡೋಸ್ಕೋಪಿ. ಇವುಕ್ಕೆಲ್ಲಾ ನೀವು ಹೆದರಬ್ಯಾಡ್ರಿ, ಮಲಗು ಅಂದಲ್ಲಿ ಮಲಗೋದು, ಸೂಜಿ ಚುಚ್ತೀವಿ ಅಂದ್ರ ಕೈ ಕೊಡೋದು. ಕ್ಯಾಮೆರಾ ತನಗ ಕಂಡದ್ದು ಹೇಳ್ತದ, ರಕ್ತ ತಂದು ತಾನ ಹೇಳ್ತದ. ಮನಸ್ಸಿನ ಡಾಕ್ಟರ್ ಖೋಲಿಯಾಗ ಮಾತ್ರ ನೀವು ಹೇಳಿದ್ದ ರಿಪೋರ್ಟ್, ಅವರ ಕಡೆ ಬ್ಯಾರೆ ಮಷಿನ್ ಇಲ್ಲ.

ನನ್ನ ಕೂಡ ಮಾತಾಡಿದಾಕಿ ಒಬ್ರು ಮೇಡಂ, ಭಾಳ ಶಾಂತ ಸ್ವಭಾವ. ಯಾವಾಗಿಂದ ದಪ್ಪ ಆದ್ರಿ, ಏನೇನ್ ಡಯಟ್ ಮಾಡೀರಿ, ಸಿಟ್ಟು ಬಂದಾಗ ಬ್ಯಾಸರಾದಾಗ ತಿಂತೀರೇನು, ತಿನ್ನಾಕ ಹತ್ತಿದ್ರ ನಿಲ್ಲಿಸಾಕ ಆಗದ ಹಂಗ ಆಗ್ತದೇನು, ಯಾರಿಗೂ ಕಾಣದಂಗ ತಿಂತೀರೇನು, ಆಪರೇಷನ್ ಆದ ಮ್ಯಾಲ ಜೀವನ ಪೂರ್ತಿ ವಿಟಮಿನ್ ತಗೋಬೇಕು ಗೊತ್ತೈತೇನು, ಹಿಂಗ ಕೇಳ್ತಾ ಹೋದ್ರು. ಒಂದು ಫಾರ್ಮು ಡಿಪ್ರೆಶನ್‌ದು, ಒಂಬತ್ತು ಪ್ರಶ್ನೆ, ಹಿಂದಿನ ಎರಡು ವಾರದ ಬಗ್ಗೆ. ಇನ್ನೊಂದು ಆಡಿಟ್ ಅಂತ, ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು, ಕುಡಿಯೋದರ ಬಗ್ಗೆ ಹತ್ತು ಪ್ರಶ್ನೆ.

ನಾ ತಪ್ಪಿದ್ದು ಈ ಹತ್ತರಾಗ. ಮೊದಲನೇದು ಎಷ್ಟು ಸಲ ಕುಡಿತೀರಿ ಅಂತ. ಅದರಾಗ ಇಲ್ಲವೇ ಇಲ್ಲ ಅನ್ನೋದರಿಂದ ವಾರಕ್ಕ ನಾಲ್ಕು ಸಲ, ಅದಕ್ಕೂ ಹೆಚ್ಚು ಅನ್ನೋ ತನಕ ಇರ್ತದ. ನಾ ತಿಂಗಳಿಗೊಮ್ಮಿ ಅನ್ನೋದಕ್ಕ ಟಿಕ್ ಹಾಕಿಸ್ದೆ. ಸೀಜನ್‌ದಾಗ ನಾ ಕುಡೀಲಾರದ ದಿನಾನ ಕಡಿಮಿ ಇದ್ವು. ಕಡೀ ಪ್ರಶ್ನೆ ಬಂತು: ನಿಮ್ಮ ಕುಡಿತದ ಬಗ್ಗೆ ಮನಿಯವರು, ಗೆಳೆಯರು, ಡಾಕ್ಟರ್, ಯಾರಾದ್ರೂ ಚಿಂತಿ ಮಾಡ್ಯಾರೇನು, ಕಡಿಮಿ ಮಾಡು ಅಂದಾರೇನು? ನಮ್ಮಾಕಿ ನನ್ನ ಬಾಜೂಕ ಕುಂತಿದ್ಲು. ಅಕಿ ಏನೋ ಹೇಳಾಕ ಬಾಯಿ ತೆಗೆದ್ಲು, ನಾ ಅಕಿಗಿಂತ ಮೊದಲ "ಇಲ್ಲ ಮೇಡಂ, ನಮ್ಮ ಮನ್ಯಾಗ ಆ ಪ್ರಶ್ನೇನ ಬರಂಗಿಲ್ಲ" ಅಂದುಬಿಟ್ಟೆ. ಅಕಿ ಬಾಯಿ ಮುಚ್ಚಿದ್ಲು. ಮೇಡಂ ಅಕಿ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು, ಬರ್ಕೊಂಡ್ರು.

ಯಾಕ ಹಂಗ ಹೇಳ್ದೆ ಅನ್ನೋದು ಪೂರ್ತಿ ಹೇಳ್ತೀನಿ, ಯಾಕಂದ್ರ ನೀವೂ ಅಲ್ಲೇ ನಿಂತೀರಿ. ಒಂದು, ಆಪರೇಷನ್ ತಾರೀಖು ಸಿಕ್ಕಿತ್ತು, ಸೀಜನ್ ಮುಗಿದ ಮ್ಯಾಲ, ಅದು ತಪ್ಪಿದ್ರ ಮುಂದಿನ ವರ್ಷಾನ ಅಂತ ನನ್ನ ಲೆಕ್ಕ. ಇನ್ನೊಂದು, ನಾ ಕುಡುಕ ಅಂತ ನನಗ ಅನಿಸಿದ್ದ ಇಲ್ಲ, ವ್ಯಾಪಾರದಾಗ ಇದು ಇರೋದ, ಬೀದ್ಯಾಗ ಬೀಳಂಗಿಲ್ಲ, ಮುಂಜಾನೆ ಅಂಗಡಿ ತೆಗೀತೀನಿ, ಮತ್ತೇನು? ಅದಕ್ಕಿಂತ ಒಳಗಿಂದು ಅಂದ್ರ ನಮ್ಮ ಕಡೆ ಯಾರಿಗಾದ್ರೂ ತಲಿ ಕೆಟ್ಟೈತಿ ಅನ್ನಬೇಕಂದ್ರ "ಧಾರವಾಡಕ್ಕ ಕಳಸ್ರಿ" ಅಂತಾರಲ್ಲ, ಅಲ್ಲಿ ಮಾನಸಿಕ ಆಸ್ಪತ್ರಿ ಐತಿ ಅಂತ, ಆ ಮಾತು ಕೇಳ್ಕೊಂಡ ಬೆಳದಂವ ನಾ, ಮನಸ್ಸಿನ ಡಾಕ್ಟರ್ ಮುಂದ ಕುಂತದ್ದ ದೊಡ್ಡ ಅವಮಾನ ಅನಿಸಿತ್ತು, ಆದಷ್ಟು ಜಲ್ದಿ ಎದ್ದು ಹೋಗ್ಬೇಕಾಗಿತ್ತು. ಮತ್ತ ಇವರ ಕೆಲಸ ಹೊಟ್ಟಿ ಸಣ್ಣದು ಮಾಡೋದು, ನಾ ಸಂಜೀಕ ಏನ್ ಮಾಡ್ತೀನಿ ಅನ್ನೋದು ಇವರಿಗ್ಯಾಕ ಅನ್ನೋ ಸಿಟ್ಟೂ ಇತ್ತು. ಇದು ಪೂರಾ ತಪ್ಪು ತಿಳುವಳಿಕಿ. ನಾ ಸಂಜೀಕ ಏನ್ ಮಾಡ್ತೀನಿ ಅನ್ನೋದ ಅವರ ಕೆಲಸ, ಯಾಕಂದ್ರ ಆಪರೇಷನ್ ಒಂದೆರಡು ತಾಸಿಂದು, ಸಂಜಿ ಅನ್ನೋದು ದಿನಾ ಬರ್ತದ.

ಸ್ಕ್ಯಾನಿಂಗ್‌ದಾಗ ಫ್ಯಾಟಿ ಲಿವರ್ ಬಂದಿತ್ತು. ಇಷ್ಟು ತೂಕ, ಇಷ್ಟು ಶುಗರ್ ಇದ್ದಂವಗ ಅದು ಬರೋದ, ಹಂಗಾಗಿ ಯಾರೂ ಕುಡಿತದ ಬಗ್ಗೆ ಕೆದಕಲಿಲ್ಲ. ನನಗ ಆವಾಗ ಭಾಳ ಹಗುರ ಅನಿಸಿತ್ತು.

ಮೊದಲನೇ ವರ್ಷ ಚಲೋ ಹೋತು. ಎರಡು ವಾರ ಬರೇ ನೀರಿನಂಥ ಆಹಾರ, ಆಮ್ಯಾಲ ಮೆತ್ತಗಿಂದು, ಆಮ್ಯಾಲ ಅರ್ಧ ರೊಟ್ಟಿ. ಶುಗರ್ ಗುಳಿಗಿ ನಿಂತ್ವು, ತೂಕ 90ರ ಹತ್ರ ಬಂತು, ಮಾರ್ಕೆಟ್‌ನಾಗ ಮಂದಿ ನಿಲ್ಲಿಸಿ ಮಾತಾಡಿಸ್ತಿದ್ರು. ಕುಡಿಯೋದು ಬಿಟ್ಟಿದ್ದೆ, ಹೆದರಿಕಿಗೆ. ಮುಂದಿನ ಸೀಜನ್‌ದಾಗ ಯಾರೋ ಒತ್ತಾಯ ಮಾಡಿದ್ರು ಅಂತ ಒಂದು ಪೆಗ್ ತಗೊಂಡೆ. ಮೊದಲ ಒಂದು ಕ್ವಾರ್ಟರ್‌ಗೆ ಏರತಿದ್ದ ನಿಶಾ ಆ ಒಂದ ಪೆಗ್‌ಗೆ ಏರಿಬಿಡ್ತು. ಬೈಪಾಸ್‌ನಾಗ ಹೊಟ್ಟಿ ಸುಮಾರು 30 ಎಂಎಲ್ ಹಿಡಿಯೋ ಸಣ್ಣ ಚೀಲ ಆಗ್ತದ, ಅಲ್ಲಿಂದ ಸೀದಾ ಸಣ್ಣ ಕರುಳಿಗೆ ಜೋಡಿಸಿರ್ತಾರ, ಕುಡಿದದ್ದು ಹೊಟ್ಟಿಯಾಗ ನಿಲ್ಲೋದ ಇಲ್ಲ, ರಕ್ತಕ್ಕ ಲಗೂನ ಏರ್ತದ, ಮೊದಲಿನಕಿಂತ ಮ್ಯಾಲ ಏರ್ತದ. ಸೀಜನ್‌ದ ಒತ್ತಡ ಎಲ್ಲಾ ನಾ ಮೊದಲ ತಿಂದು ಇಳಸ್ತಿದ್ದೆ, ಈಗ ತಿನ್ನಾಕ ಜಾಗಾ ಇಲ್ಲ, ಉಳಿದದ್ದು ಇದೊಂದ.

ಇದು ನನ್ನೊಬ್ಬಂದ ಕತಿ ಅಂತ ತಿಳ್ಕೋಬ್ಯಾಡ್ರಿ. ಅಮೆರಿಕಾದಾಗ ಸುಮಾರು ಎರಡು ಸಾವಿರ ಮಂದೀನ್ನ ಆಪರೇಷನ್‌ಗೆ ಮೊದಲು ಮತ್ತ ಆಮ್ಯಾಲ ನೋಡಿದ ಒಂದು ಅಧ್ಯಯನ 2012ರಾಗ ಬಂದೈತಿ. ಕುಡಿತದ ತೊಂದರಿ ಇದ್ದವರು ಆಪರೇಷನ್‌ಗೆ ಮುಂಚೆ ನೂರಕ್ಕ 7.6, ಆಪರೇಷನ್ ಆದ ಮೊದಲ ವರ್ಷ 7.3, ಎರಡನೇ ವರ್ಷ 9.6. ಅಂದ್ರ ಮೊದಲ ವರ್ಷ ಎಲ್ಲಾ ಸರಿ ಐತಿ ಅನಿಸ್ತದ, ಎರಡನೇ ವರ್ಷ ಹಿಡೀತದ. ಯಾರಿಗೆ ಜಾಸ್ತಿ ಅಂದ್ರ ಗಂಡಸ್ರು, ಸಣ್ಣ ವಯಸ್ಸಿನವರು, ಸಿಗರೇಟ್ ಸೇದೋರು, ಮೊದಲಿಂದ ಕುಡೀತಿದ್ದವರು, ಬೈಪಾಸ್ ಆದವರು. ಆ ಮೇಡಂಗ ಇದು ಗೊತ್ತಿರ್ತದ, ಅದಕ್ಕ ಕೇಳಿದ್ದು. ನಾ ಖರೇ ಹೇಳಿದ್ರ ಒಂದಿಷ್ಟು ತಿಂಗಳು ಮುಂದ ಹಾಕ್ತಿದ್ರು, ಬಿಡಿಸೋ ಟ್ರೀಟ್‌ಮೆಂಟ್ ಕೊಡಿಸ್ತಿದ್ರು, ಬೈಪಾಸ್ ಬ್ಯಾಡ ಬ್ಯಾರೆ ನೋಡೂಣು ಅಂತ ಸರ್ಜನ್ ಜೋಡಿ ಮಾತಾಡ್ತಿದ್ರು, ನಮ್ಮಾಕಿಗೆ ಏನ್ ಲಕ್ಷಣ ಕಂಡ್ರ ಫೋನ್ ಮಾಡ್ಬೇಕು ಅಂತ ಹೇಳಿರ್ತಿದ್ರು. ಇಷ್ಟೂ ಒಂದು "ಇಲ್ಲ ಮೇಡಂ"ದಾಗ ಹೋತು.

ಆಮ್ಯಾಲ ಊಟ ಕಡಿಮಿ ಆತು, ವಾಂತಿ ಶುರುವಾತು, ವಿಟಮಿನ್ ಗುಳಿಗಿ ಡಬ್ಬಿ ಹಂಗ ಉಳೀತು. ಅಂಗಾಲು ಉರಿಯೋದು, ಜುಮುಜುಮು, ಒಂದಿನ ಕಾಲಾಗಿನ ಚಪ್ಪಲ್ ಕಳಚಿದ್ದು ನನಗ ಗೊತ್ತಾಗಲಿಲ್ಲ, ಬರೇಗಾಲಿಲೆ ಅಂಗಡಿ ತನಕ ಬಂದಿದ್ದೆ. ನಡೆಯೋವಾಗ ಒಲೀತಿದ್ದೆ, ಒಂದು ಲಾರಿ ಎರಡು ಕಾಣಾಕ ಹತ್ತಿದ್ವು. ಮಂದಿ ಕುಡದಾನ ಅಂದ್ರು. ನಮ್ಮಾಕಿ ಮಾತ್ರ ಇದು ಕುಡಿದದ್ದಲ್ಲ, ಬ್ಯಾರೆ ಏನೋ ಐತಿ ಅಂತ ಹಟ ಹಿಡಿದು ಹುಬ್ಬಳ್ಳಿ ದವಾಖಾನಿಗೆ ಹಾಕಿಸಿದ್ಲು, ಆ ಸಲ ನನ್ನ ಕೇಳಲಿಲ್ಲ, ಡಾಕ್ಟರ್‌ಗೆ ತಾನ ಎಲ್ಲಾ ಹೇಳಿದ್ಲು. ಬಿ1 ವಿಟಮಿನ್ ಖಾಲಿ ಆಗಿತ್ತು. ಆ ವಿಟಮಿನ್ ಮೈಯಾಗ ಎರಡು ಮೂರು ವಾರಕ್ಕ ಆಗೋವಷ್ಟ ಸಂಗ್ರಹ ಇರ್ತದಂತ, ವಾಂತಿ, ಕುಡಿತ, ಬೈಪಾಸ್ ಮೂರೂ ಸೇರಿದ್ರ ಮಿದುಳಿಗೂ ನರಕ್ಕೂ ಪೆಟ್ಟು. ಗ್ಲೂಕೋಸ್ ಹಚ್ಚೂಕ್ಕಿಂತ ಮೊದಲ ಬಿ1 ಕೊಟ್ರು. ಕಣ್ಣು ಸರಿ ಆದ್ವು. ಕಾಲಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ, ಕಾರ್ ಓಡಿಸೋದು ಬಿಟ್ಟೀನಿ.

ಆಮ್ಯಾಲ ಧಾರವಾಡಕ್ಕ ಹೋದೆ, ನಾನ ಹೋದೆ, ಯಾರೂ ಕಳಸ್ಲಿಲ್ಲ. 1845ರಿಂದ ಇರೋ ಆ ಆಸ್ಪತ್ರಿ, ಈಗ ಡಿಮ್ಹಾನ್ಸ್ ಅಂತಾರ, ನಾ ಸಣ್ಣಂವಿದ್ದಾಗಿಂದ ಬೈಗುಳದಾಗ ಕೇಳಿದ್ದೆ. ಅಲ್ಲಿ ಹೊರಗ ಪಾಳಿ ಹಚ್ಚಿ ಕುಂತವರು ನನ್ನಂಥವರ, ರೈತರು, ಮಾಸ್ತರು, ಸಣ್ಣ ಹುಡುಗನ್ನ ಕರ್ಕೊಂಡ ಬಂದ ತಾಯಿ. ಅಲ್ಲಿ ಕುಂದ್ರಾಕ ನಾಚಬೇಕಾಗಿದ್ದು ಏನೂ ಇದ್ದಿಲ್ಲ.

ಈಗ ನಿಮ್ಮ ಪ್ರಶ್ನೆ. "ಪಾಸ್" ಅನ್ನೋದನ್ನ ತಲ್ಯಾಗಿಂದ ತೆಗೀರಿ. ಹಿಂದ ಡಿಪ್ರೆಶನ್ ಆಗಿ ಗುಳಿಗಿ ತಗೊಂಡು ಆರಾಮ ಆದವರಿಗೆ ಆಪರೇಷನ್ ಇಲ್ಲ ಅನ್ನಂಗಿಲ್ಲ, ಈಗ ತಗೊಳ್ಳಾಕ ಹತ್ತಿದ್ರೂ ಅನ್ನಂಗಿಲ್ಲ. ತಡಿಯೋದು ಯಾವಾಗ ಅಂದ್ರ ಈಗ ಜೀವಾ ತಗೋಬೇಕು ಅನ್ನೋ ವಿಚಾರ ಇದ್ರ, ಚಟ ಜೋರು ಇದ್ರ, ಟ್ರೀಟ್‌ಮೆಂಟ್ ಇಲ್ಲದ ದೊಡ್ಡ ಮಾನಸಿಕ ಕಾಯಿಲಿ ಇದ್ರ, ತಿಂದು ತಿಂದು ವಾಂತಿ ಮಾಡ್ಕೊಳ್ಳೋ ತೊಂದರಿ ಇದ್ರ. ಆವಾಗ್ಲೂ ಹೆಚ್ಚಾಗಿ ಮುಂದ ಹಾಕ್ತಾರ, ಟ್ರೀಟ್‌ಮೆಂಟ್ ಕೊಟ್ಟು ಮತ್ತ ಕರೀತಾರ. ಮುಂದ ಹಾಕಿದ್ರ ಹಾಕ್ಲಿ ಬಿಡ್ರಿ, ನಿಮಗ ಅದು ಸೋಲು ಅನಿಸ್ತದ, ನಾ ಆ ನಾಲ್ಕಾರು ತಿಂಗಳಿಗೆ ಈಗ ಏನ್ ಬೇಕಾದ್ರೂ ಕೊಟ್ಟೇನು. ಆಪರೇಷನ್ ಆದ ಮ್ಯಾಲ ಜೀವಾ ತಗೊಳ್ಳಾಕ ಹೋದವರು ಇದ್ದಾರ್ರಿ, ಅಧ್ಯಯನದಾಗ ಬಂದೈತಿ, ಹಿಂದ ಡಿಪ್ರೆಶನ್ ಆದವರ ಮ್ಯಾಲ ಕಣ್ಣಿಡಬೇಕಾಗ್ತದ, ನೀವು ಹೇಳಲಿಲ್ಲ ಅಂದ್ರ ಯಾರು ಕಣ್ಣಿಡ್ತಾರ? ಇದು ಬಿಲ್ ಮಾಡಾಕ ಇಟ್ಟ ಟೆಸ್ಟ್ ಅಂತ ನಿಮಗ ಯಾರೋ ಹೇಳ್ಯಾರ ಅಂದ್ರಿ, ಅವರ ಮಾತು ಬಿಡ್ರಿ.

ಸ್ಲೀವ್ (ಹೊಟ್ಟಿಯ ದೊಡ್ಡ ಭಾಗ ಕತ್ತರಿಸಿ ತೆಗೆಯೋ ಆಪರೇಷನ್) ಚಲೋನೋ ಬೈಪಾಸ್ ಚಲೋನೋ ಅಂತನೂ ಕೇಳೀರಿ, ಅದು ನಿಮ್ಮ ಶುಗರ್, ಎದಿ ಉರಿ, ಎಂಡೋಸ್ಕೋಪಿ ನೋಡಿ ಸರ್ಜನ್ ಹೇಳೋ ಮಾತು, ನಾ ಹೇಳಾಕ ಬರಂಗಿಲ್ಲ.

ನಿಮ್ಮ ಅವ್ವ ಜೋಡಿ ಬರ್ತಾರ ಅಂದ್ರಿ. ಬರ್ಲಿ, ಆದ್ರ ಮೊದಲ ನೀವೊಬ್ರ ಒಳಗ ಹೋಗ್ರಿ, "ಮೇಡಂ, ಸ್ವಲ್ಪ ಹೊತ್ತು ಒಬ್ಬಂಟಿ ಮಾತಾಡ್ಬೇಕು" ಅಂತ ಬಾಯಿ ಬಿಟ್ಟು ಕೇಳ್ರಿ, ಆಮ್ಯಾಲ ಅವ್ವನ್ನ ಕರೀರಿ, ಅವರು ಮಾತಾಡೋವಾಗ ನಡುವ ಬಾಯಿ ಹಾಕಬ್ಯಾಡ್ರಿ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ತಿಂತೀರಿ ಅಂತ ಪ್ರಶ್ನೆಯಾಗ ಸಣ್ಣಗ ಬರದೀರಿ ನೋಡ್ರಿ, ಅದನ್ನ ಅಲ್ಲೇ ಹೇಳ್ರಿ, ಎಲ್ಲದಕ್ಕಿಂತ ಮೊದಲ ಅದನ್ನ. ಅದಕ್ಕ ಟ್ರೀಟ್‌ಮೆಂಟ್ ಐತಿ. ವಾರ ಕಾಯಾಕ ಆಗವಲ್ದು, ಮನಸ್ಸು ಭಾಳ ಕೆಟ್ಟೈತಿ ಅನಿಸಿದ್ರ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ರೊಕ್ಕ ಇಲ್ಲ, ಹಗಲು ರಾತ್ರಿ ಇರ್ತದ, ಕನ್ನಡದಾಗ ಮಾತಾಡ್ತಾರ.

ಆಮ್ಯಾಲ ಹಳೇ ಗುಳಿಗಿ ಚೀಟಿ ಹುಡುಕಿ ತಗೊಂಡು ಹೋಗ್ರಿ, ಸಿಗಲಿಲ್ಲ ಅಂದ್ರ ಹೆಸರು, ಎಷ್ಟು ಪವರ್, ಯಾವ ವರ್ಷ, ಯಾಕ ಬಿಟ್ರಿ ಅನ್ನೋದು ಹಾಳ್ಯಾಗ ಬರ್ಕೊರಿ. ನಿಧಾನಕ್ಕ ಕರಗೋ ಗುಳಿಗಿ ಇದ್ರ ಆಪರೇಷನ್ ಆದ ಮ್ಯಾಲ ಮೈಗೆ ಸರಿಯಾಗಿ ಹತ್ತಂಗಿಲ್ಲ, ಲಿಥಿಯಂನಂಥಾ ಮನಸ್ಸಿನ ಕಾಯಿಲಿ ಗುಳಿಗಿ ರಕ್ತದಾಗ ಏರಿ ವಿಷ ಆಗೋದೂ ಐತಿ, ಹಂಗಾಗಿ ಮುಂದ ಎಂದಾದ್ರೂ ಮತ್ತ ಗುಳಿಗಿ ಬೇಕಾದ್ರ ಯಾವ್ದು ಕೊಡಬೇಕು ಅನ್ನೋದು ಅವರು ಈಗ್ಲೇ ಫೈಲಿನಾಗ ಬರದಿಡ್ತಾರ.