ಮೊದಲು ಲೆನ್ಸ್, ಆಮೇಲೆ ಹೌಸಿಂಗ್

ಪ್ರಶ್ನೆ: ನನ್ನ ಹತ್ತಿರ ಡಿಎಸ್‌ಎಲ್‌ಆರ್ ಕ್ಯಾಮೆರಾ, 18-55 ಲೆನ್ಸ್, ಒಂದು 100 ಎಂಎಂ ಮ್ಯಾಕ್ರೋ ಇವೆ. ಈಚೆಗೆ ಸ್ಕೂಬಾ ಕಲಿತೆ. 18 ಮೀಟರ್‌ವರೆಗೆ ಇಳಿಯುತ್ತೇನೆ. ಕ್ಯಾಮೆರಾಗೆ ನೀರು ತಾಗದಂತೆ ಮುಚ್ಚುವ ಪೆಟ್ಟಿಗೆ, ಅಂದರೆ ಹೌಸಿಂಗ್, ಪ್ಲಾಸ್ಟಿಕ್‌ನದು ಸಾಕೇ, ಅಲ್ಯೂಮಿನಿಯಂನದೇ ಬೇಕೇ?

ಉತ್ತರ: ನಿಮ್ಮ ಆಳಕ್ಕೆ ಪ್ಲಾಸ್ಟಿಕ್ ಧಾರಾಳವಾಯಿತು. ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 18 ಮೀಟರ್‌ನಲ್ಲಿ ಅದು ನೀರಿನ ಮೇಲಿರುವುದರ ಮೂರು ಪಟ್ಟಿಗೆ ಹತ್ತಿರ. ಒಳ್ಳೆಯ ಪಾಲಿಕಾರ್ಬೊನೇಟ್ ಹೌಸಿಂಗ್ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಅಲ್ಯೂಮಿನಿಯಂ ಗಟ್ಟಿ, ಗಾತ್ರದಲ್ಲಿ ಚಿಕ್ಕದು, ಬಟನ್‌ಗಳು ಬೆರಳಿಗೆ ಚೆನ್ನಾಗಿ ಸಿಗುತ್ತವೆ. ಆದರೆ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಒಳಗೆ ಒಂದು ಹನಿ ಸೇರಿದರೂ ಕಂಡುಬಿಡುತ್ತದೆ. ಹೊಸಬರಿಗೆ ಅದೇ ದೊಡ್ಡ ಧೈರ್ಯ.

ನೀವು ಕೇಳದ ಪ್ರಶ್ನೆಯೇ ಇಲ್ಲಿ ಮುಖ್ಯ. ಏನನ್ನು ಚಿತ್ರಿಸಬೇಕು ಅಂತಿದ್ದೀರಿ? ಪೋರ್ಟ್, ಅಂದರೆ ಲೆನ್ಸ್ ಮುಂದಿನ ಗಾಜು, ಅದರ ಮೇಲೆ ನಿಂತಿದೆ. ಚಪ್ಪಟೆ ಪೋರ್ಟ್ ಇದ್ದರೆ ನೀರಿನಲ್ಲಿ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಮ್ಯಾಕ್ರೋಗೆ, ಅಂದರೆ ಚಿಕ್ಕ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವುದಕ್ಕೆ, ಇದು ಲಾಭವೇ. ಅಗಲದ ದೃಶ್ಯಕ್ಕೆ ನಷ್ಟ: ಕೋನ ಕಿರಿದಾಗುತ್ತದೆ, ಅಂಚಿನಲ್ಲಿ ಬಣ್ಣ ಒಡೆಯುತ್ತದೆ. ಗುಮ್ಮಟದಂತೆ ಉಬ್ಬಿದ ಡೋಮ್ ಪೋರ್ಟ್ ಆ ಕೋನವನ್ನು ಉಳಿಸಿಕೊಡುತ್ತದೆ. ಆದರೆ ಡೋಮ್ ಹಿಂದಿನ ಲೆನ್ಸ್‌ಗೆ ದೂರದ ಬಂಡೆಯೂ ತೀರಾ ಹತ್ತಿರ ಇದ್ದಂತೆ ಕಾಣುತ್ತದೆ. ಹಾಗಾಗಿ ಹತ್ತಿರಕ್ಕೆ ಫೋಕಸ್ ಆಗುವ ಲೆನ್ಸ್ ಬೇಕು. ಚಿತ್ರದ ಮೂಲೆಗಳು ಚೂಪಾಗಿ ಬರಲು ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಎಫ್/8, ಎಫ್/11ರ ಆಸುಪಾಸು ಇಡಬೇಕು.

ನಾನಾದರೆ ನಿಮ್ಮ 100 ಎಂಎಂ ಮತ್ತು ಚಪ್ಪಟೆ ಪೋರ್ಟ್‌ನಿಂದಲೇ ಶುರು ಮಾಡುತ್ತಿದ್ದೆ. ಲೆನ್ಸ್‌ಗೂ ಜೀವಿಗೂ ನಡುವೆ ನೀರು ಕಡಿಮೆ ಇದ್ದಷ್ಟೂ ಚಿತ್ರ ತಿಳಿಯಾಗಿರುತ್ತದೆ. ಒಂದು ಮಾತು: ಮ್ಯಾಕ್ರೋ ಅಂದರೆ ಹವಳದ ಪಕ್ಕದಲ್ಲೇ ಕೆಲಸ. ನೀರಿನಲ್ಲಿ ಅಲುಗಾಡದೆ ತೇಲಿ ನಿಲ್ಲುವುದು ಬರುವವರೆಗೂ ಕ್ಯಾಮೆರಾ ಮನೆಯಲ್ಲೇ ಇರಲಿ. ಒಂದು ಚಿತ್ರಕ್ಕಾಗಿ ಹವಳ ಹಿಡಿದುಕೊಂಡು ನಿಲ್ಲುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಹೌಸಿಂಗ್ ಒಂದು ಕ್ಯಾಮೆರಾ ಮಾಡೆಲ್‌ಗೆ ಮಾತ್ರ ಕೂರುತ್ತದೆ. ಕ್ಯಾಮೆರಾ ಬದಲಾದರೆ ಅದೂ ಹೋಯಿತು. ಆದರೆ ಅದೇ ಕಂಪನಿಯ ಹೊಸ ಹೌಸಿಂಗ್ ತಗೊಂಡರೆ ಹಳೆಯ ಪೋರ್ಟ್‌ಗಳು ಎಷ್ಟೋ ಸಲ ಹೊಂದುತ್ತವೆ. ಅದಕ್ಕೇ ಕಂಪನಿ ಆರಿಸುವಾಗ ಪೋರ್ಟ್‌ಗಳ ಪಟ್ಟಿ ನೋಡಿ, ನಿಮ್ಮ ಎರಡೂ ಲೆನ್ಸ್ ಅದರಲ್ಲಿವೆಯಾ ಅಂತ.

ಹಣವನ್ನೆಲ್ಲ ಹೌಸಿಂಗ್‌ಗೇ ಸುರಿಯಬೇಡಿ. ಮೊದಲ ಕೆಲವು ಮೀಟರ್‌ಗಳಲ್ಲೇ ಕೆಂಪು ಬಣ್ಣ ಮಾಯವಾಗುತ್ತದೆ. ಸ್ಟ್ರೋಬ್, ಅಂದರೆ ನೀರೊಳಗೆ ಬಳಸುವ ಫ್ಲ್ಯಾಷ್, ಇಲ್ಲದಿದ್ದರೆ ಎಲ್ಲವೂ ನೀಲಿ ನೀಲಿ. ಫೈಬರ್ ಕೇಬಲ್ ಮೂಲಕ ಸ್ಟ್ರೋಬ್ ಉರಿಸಲು ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಷ್ ಬೇಕು, ಇಲ್ಲವೇ ಅದಕ್ಕೆ ಸಂಕೇತ ಕೊಡುವ ಬೇರೆ ಟ್ರಿಗರ್ ಬೇಕು. ಯಾವುದಕ್ಕೆ ಅವಕಾಶವಿದೆ ಎಂದು ಕೊಳ್ಳುವ ಮೊದಲೇ ಕೇಳಿ.

ವ್ಯಾಕ್ಯೂಮ್ ಪಂಪ್ ಜೋಡಿಸಲು ಬರುವ ಹೌಸಿಂಗ್ ಸಿಕ್ಕರೆ ಬಿಡಬೇಡಿ. ಒಳಗಿನ ಗಾಳಿ ಸ್ವಲ್ಪ ಎಳೆದು ಕಾಯುವುದು, ಒತ್ತಡ ಬದಲಾಗದಿದ್ದರೆ ಸೋರಿಕೆ ಇಲ್ಲ. ಇಳಿಯುವ ಮೊದಲೇ ಗೊತ್ತಾಗುತ್ತದಲ್ವಾ! ಹೌಸಿಂಗ್‌ನ ಸಂದು ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಸಾಕು, ನೀರು ನುಗ್ಗಲು. ಗ್ರೀಸ್ ತೆಳ್ಳಗೆ ಸವರಿ, ಸುಮ್ನೆ ಬಳಿಯಬೇಡಿ. ಕಂಪನಿ ಹೇಳಿದ ಗ್ರೀಸ್ ಅನ್ನೇ ಬಳಸಿ.

ಮೊದಲ ಸಲ ಕ್ಯಾಮೆರಾ ಇಲ್ಲದೆ ಖಾಲಿ ಹೌಸಿಂಗ್ ಇಳಿಸಿ. ಮುಂದೆಯೂ ಅದನ್ನು ಕೈಯಲ್ಲಿ ಹಿಡಿದು ದೋಣಿಯಿಂದ ಧುಮುಕಬೇಡಿ. ನೀವು ಇಳಿದ ಮೇಲೆ ಯಾರಾದರೂ ಮೇಲಿನಿಂದ ಕೊಡಲಿ.