ಟಿಕೆಟ್‌ಗೆ ಯಾವ ಪ್ರಿಂಟರ್? ಮಾರುವುದು ಯಾವಾಗ ಅಂತ ಮೊದಲು ಹೇಳಿ

ಪ್ರಶ್ನೆ: ಹಾವೇರಿ ಕಡೆಯ ನಮ್ಮ ಊರ ಜಾತ್ರೆಗೆ ಮೂರು ದಿನ ನಾಟಕ ಇಟ್ಟಿದ್ದೇವೆ. ದಿನಕ್ಕೆ 600 ಟಿಕೆಟ್ ಬೇಕು. ಕಲರ್ ಇಂಕ್‌ಜೆಟ್ ತಗೊಳ್ಳಿ, ಫೋಟೊ ಚೆನ್ನಾಗಿ ಬರುತ್ತದೆ ಅಂತಾರೆ ಅಂಗಡಿಯವರು. ತಗೊಳ್ಳಬಹುದಾ?

ಜಾತ್ರೆ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ. ಟಿಕೆಟ್‌ನಲ್ಲಿ ಫೋಟೊ ಯಾರು ನೋಡುತ್ತಾರೆ? ಗೇಟಿನಲ್ಲಿ ನಿಂತವರಿಗೆ ಬೇಕಾದದ್ದು ನಂಬರು, ತಾರೀಖು. ಮಾಮೂಲಿ ಇಂಕ್‌ಜೆಟ್ ಬಣ್ಣ ಬೆವರಿದ ಕೈಗೆ ಕಲಸಿಹೋಗುತ್ತದೆ.

ಅಂಗಡಿಯವರು ಕೇಳಬೇಕಿದ್ದದ್ದು ಬೇರೆ: ಟಿಕೆಟ್ ಮಾರುವುದು ಯಾವಾಗ?

ಗೇಟಿನಲ್ಲೇ ದುಡ್ಡು ತಗೊಂಡು ಕೊಡುವುದಾದರೆ ಥರ್ಮಲ್ ಪ್ರಿಂಟರ್. ಬಸ್ ಕಂಡಕ್ಟರ್ ಕೈಯಲ್ಲಿರುವ ಮಷಿನ್ ಇದೇ ಜಾತಿಯದು. ಇಂಕ್ ಬೇಡ, ರೋಲಿನ ಲೇಪವೇ ಬಿಸಿಗೆ ಕಪ್ಪಾಗುತ್ತದೆ. 58 ಮಿ.ಮೀ. ಅಗಲದ್ದು ಅಗ್ಗ, ಆದರೆ ಕ್ಯೂಆರ್ ಕೋಡ್ ಹಾಕುವುದಿದ್ದರೆ 80 ಮಿ.ಮೀ.ನದು ತಗೊಳ್ಳಿ. ಆಟೊ ಕಟರ್ ಇರಲಿ. ಇಲ್ಲದಿದ್ದರೆ ಸಾಲು ಬೆಳೆಯುತ್ತಿರುತ್ತದೆ, ನೀವು ಕಾಗದ ಹರಿಯುತ್ತಾ ಕೂತಿರುತ್ತೀರಿ. ಕರೆಂಟ್ ಹೋದಾಗಿನ ಆಟಕ್ಕೆ ನಂಬರ್ ಹಾಕಿದ ಟಿಕೆಟ್ ಬುಕ್ ಒಂದು ಪಕ್ಕದಲ್ಲಿರಲಿ. ಅದಿಲ್ಲದೆ ಕೌಂಟರ್ ತೆರೆಯಲು ನಾನಂತೂ ಒಪ್ಪುವುದಿಲ್ಲ.

ವಾರಗಟ್ಟಲೆ ಮುಂಚೆ ಮಾರುವುದಾದರೆ ಥರ್ಮಲ್ ಬೇಡ. ಬಿಸಿಲು ಬಿದ್ದರೆ ಅಕ್ಷರ ಮಾಸುತ್ತದೆ. ಏಪ್ರಿಲ್‌ನಲ್ಲಿ ಮುಚ್ಚಿದ ಕಾರಿನ ಗಾಜಿನ ಕೆಳಗೆ ಇಟ್ಟರೆ ಕಾಗದವೇ ಕಪ್ಪಾದೀತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುವವರಿದ್ದಾರೆ, ಕೆಲವು ಪ್ಲಾಸ್ಟಿಕ್ಕೇ ಅಕ್ಷರ ಅಳಿಸುತ್ತದೆ! ಇಲ್ಲಿಗೆ ಲೇಸರ್ ಸರಿ. ಅದರ ಟೋನರ್ (ಇಂಕ್ ಬದಲಿನ ಪುಡಿ) ಕರಗಿ ಕಾಗದಕ್ಕೆ ಅಂಟುವುದರಿಂದ ಒದ್ದೆಯಾದರೂ ಹರಡುವುದಿಲ್ಲ.

ಆದರೆ ವರ್ಷಕ್ಕೊಮ್ಮೆ 1,800 ಟಿಕೆಟ್‌ಗೆ ಪ್ರಿಂಟರ್ ಯಾಕೆ ಸ್ವಾಮಿ? ಸುಮ್ನೆ ಗದಗಿನ ಪ್ರೆಸ್ಸಿಗೆ ಕೊಡಿ. ನಾಟಕದ ಹ್ಯಾಂಡ್‌ಬಿಲ್ ಹೇಗೂ ಪ್ರೆಸ್ಸಿನಲ್ಲೇ ಆಗಬೇಕಲ್ಲ. ನಂಬರಿಂಗ್, ಹರಿಯಲು ತೂತಿನ ಗೆರೆ, ಬೈಂಡಿಂಗ್ ಒಂದೇ ಕಡೆ ಮುಗಿಯುತ್ತದೆ. ದಿನಕ್ಕೊಂದು ಬಣ್ಣದ ಕಾಗದ ಹೇಳಿ, ನಿನ್ನೆಯ ಟಿಕೆಟ್ ದೂರದಿಂದಲೇ ಗೊತ್ತಾಗುತ್ತದೆ. ಬುಕ್ಕಿನಲ್ಲಿ ಉಳಿಯುವ ಕೌಂಟರ್ ಫಾಯಿಲ್ ಬಿಡಬೇಡಿ. ಕಮಿಟಿಯಲ್ಲಿ ಲೆಕ್ಕದ ಜಗಳ ಶುರುವಾದರೆ ಅದೊಂದೇ ಸಾಕ್ಷಿ.

ಪ್ರಶ್ನೆ: ಥರ್ಮಲ್ ಕಾಗದ ಕತ್ತರಿಸಿ ಲೇಸರ್ ಪ್ರಿಂಟರಿಗೆ ಹಾಕಬಹುದಾ?

ಬೇಡ. ಒಳಗಿನ ಬಿಸಿಗೆ ಹಾಳೆ ಪೂರ್ತಿ ಕರಿಯಾಗಿ ಬರುತ್ತದೆ.

ಪ್ರಶ್ನೆ: ಮಾಸಿದ ಟಿಕೆಟ್‌ಗೆ ಇಸ್ತ್ರಿ ಹಾಕಿದರೆ ಅಕ್ಷರ ಮತ್ತೆ ಬರುತ್ತದೆ ಅಂತ ಒಂದು ವಿಡಿಯೊ ನೋಡಿದೆ.

ವಿಡಿಯೊ ಮಾಡಿದವರ ಟಿಕೆಟ್ ಮೇಲೆ ಪ್ರಯೋಗ ಮಾಡಿ, ನಿಮ್ಮದರ ಮೇಲೆ ಬೇಡ.

ಪ್ರಶ್ನೆ: ಕ್ಯೂಆರ್ ಇದ್ದರೆ ನಕಲಿ ಮಾಡಲು ಆಗಲ್ಲ ಅಲ್ವಾ?

ಜೆರಾಕ್ಸ್ ಮಾಡಿದರೂ ಸ್ಕ್ಯಾನ್ ಆಗುತ್ತದೆ. ಒಮ್ಮೆ ಒಳಗೆ ಹೋದ ಕೋಡ್ ಮತ್ತೆ ಬಂದರೆ ತಡೆಯುವ ಆ್ಯಪ್ ಬೇಕು. ಎರಡು ಗೇಟ್ ಇದ್ದರೆ ಎರಡೂ ಫೋನ್ ಒಂದೇ ಪಟ್ಟಿ ನೋಡುತ್ತಿರಬೇಕು, ಅದಕ್ಕೆ ಜಾತ್ರೆ ಗದ್ದಲದಲ್ಲೂ ನೆಟ್‌ವರ್ಕ್ ಸಿಗಬೇಕು.